ಕಂಸದಾಗಿನ ಎರಡಕ್ಷರ

ಕನ್ನಡದಲ್ಲಿ 'ಜಾತಿ ಕುದುರೆ' ಅಂತ ಒಂದು ಮಾತಿದೆ. ಒಳ್ಳೆ ತಳಿಯ ಕುದುರೆ, ಕಣ್ಣು ಕೀಳಲಿಕ್ಕೆ ಬಾರದಂಥ ಕುದುರೆ ಎಂದು ಅದರ ಅರ್ಥ. ಹೊಗಳಿಕೆಯ ಮಾತು. ಅದೇ ಜಾತಿ ಎಂಬ ಶಬ್ದವನ್ನು ನಮ್ಮ ಕೇರಿಯ ಮನುಷ್ಯನಿಗೆ ಹಚ್ಚಿ ನೋಡ್ರಿ, ಬೈಗುಳ ಆಗುತ್ತದೆ. ಪಂಡಿತರು ಇದಕ್ಕೇನು ವ್ಯಾಕರಣ ಹೇಳುತ್ತಾರೋ ಹೇಳಲಿ, ನಾನು ಓದಿದ್ದು ಐದನೆತ್ತೆ. ಆದರೆ 1976ರಿಂದ 1991ರ ತನಕ ಹೈದರಾಬಾದಿನಾಗ ದಿನಾ ನಸುಕಿನಲ್ಲಿ ಜಾತಿ ಕುದುರೆಗಳ ಬೆನ್ನ ಮೇಲೆ ಕೂತು ಅವಕ್ಕೆ ತಾಲೀಮು ಕೊಟ್ಟವ ನಾನು. ಕುಂಚಾವರಂ ಮಾದಿಗರ ಕೇರಿಯವ. ರೇಸಿನ ಬಗ್ಗೆ ಬರೆಯುವವರು ಇದ್ದಾರೆ, ಜೂಜಿನಾಗ ಹೊಲ ಮನೆ ಕಳಕೊಂಡವರ ಕತೆ ಬರೆಯುವವರೂ ಇದ್ದಾರೆ. ಓಟದ ದಿನ ಎರಡು ನಿಮಿಷವೂ ಓಡದ ಕುದುರೆ ಉಳಿದ ದಿನ ಏನು ಮಾಡುತ್ತದೆ, ಆಗ ಅದರ ಮೇಲೆ ಕೂತವ ಯಾರು, ಅವ ಏನು ತಿಂದು ಕೂತಿರುತ್ತಾನೆ ಎಂಬುದು ಯಾರಿಗೂ ಬೇಕಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕುಂಚಾವರಂ ಚಿಂಚೋಳಿ ತಾಲೂಕಿನ ಅಂಚಿನಾಗ, ಅಡವಿ ಗುಡ್ಡದ ನಡುವೆ ಇದೆ. 2011ರಿಂದ ಆ ಕಡೆಯ ಅಡವಿಗೆ ವನ್ಯಧಾಮ ಎಂದು ಹೆಸರು ಬಂದಿದೆ, ಆಗ ಬರೀ ಅಡವಿ. ಒಂದು ಮನೆಯಲ್ಲಿ ಕನ್ನಡ, ಮಗ್ಗಲ ಮನೆಯಲ್ಲಿ ತೆಲುಗು, ತಾಂಡಾದಲ್ಲಿ ಲಂಬಾಣಿ, ಸರಕಾರಿ ಮಂದಿಯ ಬಾಯಲ್ಲಿ ಉರ್ದು. 1948ರ ಸೆಪ್ಟೆಂಬರ್ ತನಕ ನಾವು ನಿಜಾಮನ ರಾಜ್ಯದವರು, 1956ರ ನವೆಂಬರಿನಲ್ಲಿ ಮೈಸೂರು ರಾಜ್ಯದವರಾದೆವು. ನಕಾಶೆಯ ಮೇಲೆ ಗೆರೆ ಎಳೆದರು, ಹೊಟ್ಟೆ ಆ ಗೆರೆ ಓದಲಿಲ್ಲ. ದುಡಿಯಲಿಕ್ಕೆ ಹೋಗುವುದೆಂದರೆ ಈಗಲೂ ನಮ್ಮ ಮಂದಿಗೆ ಹೈದರಾಬಾದೇ. ಬೆಂಗಳೂರನ್ನು ನಾನು ಮೊದಲು ನೋಡಿದ್ದು ಕ್ಯಾಲೆಂಡರಿನಾಗ.

ನಮ್ಮಪ್ಪ ಹಲಗಿ ಬಾರಿಸುತ್ತಿದ್ದ, ಸತ್ತ ದನ ಎಳೆಯುತ್ತಿದ್ದ, ತಂಗಡಿ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಿದ್ದ. 1972ರ ಬರ ಬಂತು. ಗುಲಬರ್ಗಾ ಜಿಲ್ಲೆಯ ಹಿರಿಯರಿಗೆ ಈ ಇಸವಿ ಹೇಳಿದರೆ ಸಾಕು, ಬೇರೇನೂ ಬಿಡಿಸಿ ಹೇಳಬೇಕಿಲ್ಲ. ಮೊದಲು ದನಗಳು ಸಾಲುಸಾಲಾಗಿ ಸತ್ತವು, ಅಪ್ಪನಿಗೆ ಕೈತುಂಬ ಕೆಲಸ. ಆಮೇಲೆ ಸಾಯಲಿಕ್ಕೆ ದನಾನೇ ಉಳಿಯಲಿಲ್ಲ. ಅವ್ವ ಬರಗಾಲದ ಕಾಮಗಾರಿಗೆ ಹೋಗಿ ಹಾದಿಗೆ ಕಲ್ಲು ಒಡೆದಳು. 1973ರ ಬ್ಯಾಸಗಿಯಲ್ಲಿ ನನ್ನ ದೊಡ್ಡಪ್ಪ ಬಂದ. ಅವ ಹೈದರಾಬಾದಿನ ಮಲಕ್‌ಪೇಟೆಯಲ್ಲಿ ಕುದುರೆ ಲಾಯಗಳಿಗೆ ಹುಲ್ಲು ಇಳಿಸುವ ಹಮಾಲ. "ಇವನ್ನ ನನ್ನ ಸಂಗಾಟ ಕಳಸು ತಂಗಿ, ಒಂದು ಹೊಟ್ಟಿ ಕಮ್ಮಿ ಆಗ್ತದ" ಅಂದ. ಅವ್ವ ಬ್ಯಾಡ ಅನ್ನಲಿಲ್ಲ. ಜಹೀರಾಬಾದಿನ ತನಕ ನಡೆದೆವು, ಅಲ್ಲಿಂದ ಬಸ್ಸು.

ಮಲಕ್‌ಪೇಟೆಯ ಓಟದ ಬಯಲು ಆರನೆಯ ನಿಜಾಮ ಮೆಹಬೂಬ್ ಅಲಿ ಖಾನನ ಕಾಲದ್ದು. ಮೊದಲು ಮೌಲಾ ಅಲಿಯಲ್ಲಿ ನಡೆಯುತ್ತಿದ್ದ ರೇಸನ್ನು 1886ರಲ್ಲಿ ಅವನು ಇಲ್ಲಿಗೆ ತಂದ. ಅವನು ಸತ್ತ ಮೇಲೆ ಓಟ ಸಿಕಂದರಾಬಾದಿನ ಪಾಲಾಗಿ, 1968ರಲ್ಲಿ ಮತ್ತೆ ಮಲಕ್‌ಪೇಟೆಗೆ ಬಂತು. ನಾನು ಹೋದಾಗ ಅದು ಹೊಸದಾಗಿ ಜೀವ ಬಂದ ಜಾಗ. ನಾನು ಇದ್ದ ಲಾಯ ಯಾವುದು, ಅದರ ಧಣಿ ಯಾರು, ಟ್ರೇನರ್ ಯಾರು ಎಂದು ಬರೆಯುವುದಿಲ್ಲ. ಅವರು ನನ್ನ ಹೆಸರು ಎಲ್ಲಿಯೂ ಬರೆದಿಲ್ಲ, ನಾನೂ ಅವರದ್ದು ಬರೆಯುವುದಿಲ್ಲ.

ಊರಲ್ಲಿ ಹೊಸ ಮನುಷ್ಯ ಸಿಕ್ಕರೆ ಕೇಳುವ ಮೊದಲ ಮಾತು ಯಾರ ಪೈಕಿ ಅಂತ. ಲಾಯದ ಜಮಾದಾರ ಅದನ್ನು ಕೇಳಲೇ ಇಲ್ಲ. ಸೈಸರ ಮೇಲಿನ ಮೇಸ್ತ್ರಿಗೆ ಅಲ್ಲಿ ಜಮಾದಾರ ಅನ್ನುತ್ತಾರೆ. ಅವ ನನ್ನ ರಟ್ಟೆ ಹಿಡಿದು ನೋಡಿದ, ಮಣಿಕಟ್ಟು ತಿರುವಿ ನೋಡಿದ, ಹುಲ್ಲು ತೂಗುವ ಕಾಟಾದ ಮೇಲೆ ನಿಲ್ಲಿಸಿದ. "ಇದರ ಎಲುಬು ಸಣ್ಣದು, ಮುಂದೂ ದಪ್ಪ ಆಗಂಗಿಲ್ಲ" ಎಂದು ದೊಡ್ಡಪ್ಪಗೆ ಉರ್ದುವಿನಲ್ಲಿ ಹೇಳಿದ. ಜಾತಿ ಕೇಳಲಿಲ್ಲವಲ್ಲ ಎಂದು ಆವತ್ತು ನನಗೆ ಹಿಗ್ಗು. ಕಾಟಾದ ಮೇಲೆ ನಿಂತ ಹುಡುಗನಿಗೆ ಹುಲ್ಲಿನ ಪೆಂಡಿಗೂ ಯಾರೂ ಜಾತಿ ಕೇಳುವುದಿಲ್ಲ ಎಂಬುದು ಹೊಳೆಯುವ ವಯಸ್ಸಲ್ಲ ಅದು.

ಮೂರು ವರ್ಷ ಲದ್ದಿ ಬಳಿದೆ. ಒಬ್ಬ ಮುದುಕ ಮುಸಲ್ಮಾನ ಸೈಸ ಇದ್ದ, ಎಲ್ಲರೂ ಚಾಚಾ ಅನ್ನುತ್ತಿದ್ದೆವು. ಬಣ್ಣದ ಮೇಲೆ ಕುದುರೆಗೆ ಹೆಸರು ಕರೆಯುವುದನ್ನು ಅವನೇ ಕಲಿಸಿದ. ಕರಿ ಬಾಲ ಜೂಲಿನ ಕೆಂದು ಕುದುರೆ ಕುಮೈತ್, ಬಾಲ ಜೂಲು ಮೈ ಎಲ್ಲಾ ಒಂದೇ ಕೆಂಪಾದರೆ ಸುರಂಗ್, ಕಪ್ಪಾದರೆ ಮುಷ್ಕಿ, ಬೂದಿ ಬಣ್ಣದ್ದು ಸಬ್ಜಾ. ರೇಸ್ ಪುಸ್ತಕದಲ್ಲಿ ಅವಕ್ಕೆ ದೊಡ್ಡ ದೊಡ್ಡ ಇಂಗ್ಲಿಷ್ ಹೆಸರು ಇರುತ್ತವೆ, ಅವು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ, ಕುದುರೆಗೂ ಗೊತ್ತಿರಲಿಲ್ಲ. ಕುದುರೆ ಬಾಯಿಂದ ಉಸಿರಾಡುವುದಿಲ್ಲ, ಮೂಗಿನಿಂದಷ್ಟೇ. ವಾಂತಿ ಮಾಡಲಿಕ್ಕೂ ಅದಕ್ಕೆ ಬರುವುದಿಲ್ಲ. ತಿಂದದ್ದು ಒಳಗೇ ಕೆಟ್ಟರೆ ಹೊಟ್ಟೆಶೂಲೆ ಹಿಡಿದು ಒಂದು ರಾತ್ರಿಯಲ್ಲಿ ಸಾಯುತ್ತದೆ. "ಇಷ್ಟು ದೊಡ್ಡ ಜನಾವರು, ಹೊಟ್ಟಿ ಮಾತ್ರ ಕೂಸಿಂದು" ಅನ್ನುತ್ತಿದ್ದ ಚಾಚಾ. ಅವನ ಕೈಯಲ್ಲಿ ಕುದುರೆ ಕೂಸೇ ಆಗಿತ್ತು.

ಲಾಯದ ದಿನ ಮೂರೂವರೆಗೆ ಸುರು. ದೀಪ ಹಚ್ಚಿದ ಕೂಡಲೇ ನೋಡಬೇಕಾದದ್ದು ಗೋದಲಿ. ರಾತ್ರಿ ಇಟ್ಟ ದಾಣಿ ಪೂರಾ ತಿಂದದೋ, ಬಿಟ್ಟದೋ. ಬಿಟ್ಟಿದ್ದರೆ ಜಮಾದಾರಗೆ ಹೇಳಬೇಕು, ಜಮಾದಾರ ಟ್ರೇನರ್ ಸಾಬರಿಗೆ ಹೇಳಬೇಕು, ಡಾಕ್ಟರ್ ಬರಬೇಕು. ಆಮೇಲೆ ಲದ್ದಿ ನೋಡಬೇಕು, ಗಟ್ಟಿಯೋ ತೆಳುವೋ. ಆಮೇಲೆ ಕೂತು ನಾಲ್ಕೂ ಕಾಲಿನ ಮೇಲೆ ಅಂಗೈ ಇಳಿಸಬೇಕು. ಮುಂಗಾಲಿನ ಮೊಣಕಾಲ ಕೆಳಗೆ ಹಿಂಬದಿ ಒಂದು ನರ ಹಗ್ಗದ ಹಾಗೆ ಇಳಿದಿರುತ್ತದೆ. ಅದು ತಣ್ಣಗಿರಬೇಕು. ಒಂದು ಬೆರಳಷ್ಟು ಜಾಗ ಬಿಸಿ ಹತ್ತಿದರೂ ಆವತ್ತು ಆ ಕುದುರೆಗೆ ಓಟ ಇಲ್ಲ. ಖರಾರಾ ಹಾಕಿ ಮೈ ತಿಕ್ಕಿ, ಗೊರಸಿನ ಒಳಗಿನ ಮಣ್ಣು ಕೆರೆದು, ಕಾಲಿಗೆ ಪಟ್ಟಿ ಸುತ್ತಿ, ಜೀನು ಬಿಗಿಯುವ ಹೊತ್ತಿಗೆ ನಾಲ್ಕೂವರೆ.

1976ರಾಗ ಒಂದು ದಿನ ಒಬ್ಬ ಸವಾರಿ ಹುಡುಗ ಬರಲಿಲ್ಲ. ಜಮಾದಾರ ನನ್ನ ಕಡೆ ಬೆರಳು ಮಾಡಿದ. ಅದಕ್ಕೂ ಮೊದಲೇ ಚಾಚಾ ಲಾಯದ ಅಂಗಳದಲ್ಲಿ ನಡೆದಾಡುವ ಕುದುರೆ ಮೇಲೆ ಕೂಡಿಸಿ ಕಲಿಸಿದ್ದ. ಎಡಗಾಲು ಹಿಂದಕ್ಕೆ ಮಡಿಚಿ ಕೊಡಬೇಕು, ಸೈಸ ಅದನ್ನು ಹಿಡಿದು ಒಂದೇ ಸರತಿಗೆ ಮೇಲಕ್ಕೆ ಎತ್ತುತ್ತಾನೆ. ನಾನ್ನೂರು ಐನೂರು ಕಿಲೋ ತೂಗುವ ಜೀವ ತೊಡೆಯ ನಡುವೆ ಉಸಿರಾಡುತ್ತಿರುತ್ತದೆ. ಅಷ್ಟು ಎತ್ತರದಿಂದ ನಾನು ಯಾವತ್ತೂ ಯಾರನ್ನೂ ನೋಡಿರಲಿಲ್ಲ. ಟ್ರೇನರ್ ಸಾಬರ ಟೊಪ್ಪಿಗೆ ನನ್ನ ಮೊಣಕಾಲಿನ ಹತ್ತಿರ ಇತ್ತು.

ಮೊದಲು ನಡಿಗೆ. ಆಮೇಲೆ ದುಲ್ಕಿ, ಅದರದು ಎರಡು ಪೆಟ್ಟಿನ ತಾಳ. ಆಮೇಲೆ ಕ್ಯಾಂಟರ್, ಮೂರು ಪೆಟ್ಟು. ಟ್ರೇನರ್ ಕೈ ಬೀಸಿದರೆ ಕೊನೆಯ 600 ಮೀಟರ್ ದೌಡು, ನಾಲ್ಕು ಪೆಟ್ಟು. ಈ ಪೆಟ್ಟುಗಳನ್ನು ಯಾರೂ ನನಗೆ ಎಣಿಸಿ ತೋರಿಸಬೇಕಾಗಲಿಲ್ಲ. ಹಲಗಿ ಬಾರಿಸುವವನ ಮಗ ನಾನು. ಕತ್ತಲೆಯಲ್ಲಿ ಹತ್ತು ಕುದುರೆ ಮರಳ ಹಾದಿಯ ಮೇಲೆ ಹೋಗುತ್ತಿದ್ದರೆ ಯಾವುದರ ಕಾಲು ತಾಳ ತಪ್ಪಿದೆ ಎಂದು ಕಿವಿಗೆ ಮೊದಲು ಗೊತ್ತಾಗುತ್ತಿತ್ತು. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ಮುಟ್ಟುವಾಗ ಕುದುರೆ ತಲೆ ಮೇಲಕ್ಕೆ ಎತ್ತುತ್ತದೆ, ಅದು ಕಣ್ಣಿಗೆ ಕಾಣುವ ಗುರುತು. ಅದಕ್ಕೂ ಎರಡು ದಿನ ಮೊದಲೇ ಸಪ್ಪಳ ಬದಲಾಗಿರುತ್ತದೆ. ನಾನು ಹೇಳಿದರೆ ಜಮಾದಾರ ಮೊದಮೊದಲು ನಕ್ಕ. ಆಮೇಲೆ ಡಾಕ್ಟರ್ ಬಂದಾಗ ನನ್ನನ್ನೇ ಕರೆಯುತ್ತಿದ್ದ. ಊರಲ್ಲಿ ಹಲಗಿ ಹಿಡಿದವನ ಕಿವಿಗೆ ಇಂಥ ಬೆಲೆ ಇದೆ ಎಂದು ಯಾವ ಗೌಡ ಹೇಳಿದ್ದ?

ದೌಡು ಹೊಡೆಯುವ ಕುದುರೆ ಹೆಜ್ಜೆಗೊಂದು ಉಸಿರು ಬಿಡುತ್ತದೆ. ಹೆಜ್ಜೆ ಮತ್ತು ಉಸಿರು ಬೇರೆ ಆಗುವಂತಿಲ್ಲ. ನಮ್ಮ ಕೆಲಸ ಅದನ್ನು ಓಡಿಸುವುದು ಅಂತ ಜನ ತಿಳಕೊಂಡಿದ್ದಾರೆ. ಓಡುವುದು ಅದರ ರಕ್ತದಲ್ಲೇ ಇದೆ, ಅದನ್ನು ಯಾರೂ ಕಲಿಸಬೇಕಿಲ್ಲ. ನಮ್ಮ ಕೆಲಸ ತಡೆದು ಹಿಡಿಯುವುದು. ಟ್ರೇನರ್ 200 ಮೀಟರಿಗೆ ಹದಿನೈದು ಸೆಕೆಂಡು ಅಂದರೆ ಹದಿನೈದೇ. ಹದಿಮೂರಕ್ಕೆ ಓಡಿತು ಅಂದರೆ ಓಟದ ದಿನಕ್ಕೆ ಉಳಿಯಬೇಕಾದ ಕಸುವು ಮುಂಜಾನೆಯೇ ಖರ್ಚಾಯಿತು, ಆವತ್ತು ಬೈಗುಳ. ನನ್ನ ಹತ್ತಿರ ಗಡಿಯಾರ ಎಲ್ಲಿಂದ ಬರಬೇಕು? ಅವ್ವ ಜ್ವಾಳ ಬೀಸುವಾಗ ಹಾಡುವ ಪದ ಬಾಯೊಳಗೇ ಅನ್ನುತ್ತಿದ್ದೆ. ಎಷ್ಟು ಸುತ್ತಿಗೆ ಎಷ್ಟು ಹೊತ್ತು ಎಂದು ಆ ಬೀಸುಕಲ್ಲು ನನ್ನೊಳಗೆ ತಿರುಗುತ್ತಿತ್ತು. ದಂಡೆಯ ಮೇಲೆ ಸಾಹುಕಾರರು ಕೈಯಲ್ಲಿ ಹಿಡಿದ ಗಡಿಯಾರಕ್ಕೂ ಅವ್ವನ ಕಲ್ಲಿಗೂ ಅರ್ಧ ಸೆಕೆಂಡು ಫರಕು ಬರುತ್ತಿರಲಿಲ್ಲ.

ಜಗ್ಗುವ ಕುದುರೆಯನ್ನು ಹಿಡಿಯಲಿಕ್ಕೆ ಒಂದು ಉಪಾಯ ಇದೆ. ಲಗಾಮಿನ ಎರಡು ಎಳೆಯನ್ನೂ ಒಂದರ ಮೇಲೊಂದು ಹಾಕಿ ಎರಡೂ ಮುಷ್ಟಿಯಲ್ಲಿ ಸೇರಿಸಿ ಹಿಡಿದು, ಕುದುರೆಯ ಹೆಗಲಿನ ಮೇಲೆ ಅಡ್ಡ ಒತ್ತಿ ಕೂತುಬಿಡಬೇಕು. ಆಗ ಕುದುರೆ ಎಷ್ಟು ಜಗ್ಗಿದರೂ ಅದು ಜಗ್ಗುವುದು ತನ್ನ ಹೆಗಲನ್ನೇ. ಸವಾರನ ರಟ್ಟೆಗೆ ಶ್ರಮ ಇಲ್ಲ. ಕುದುರೆಗೆ ಇದು ತಿಳಿಯುವುದಿಲ್ಲ, ಯಾರೋ ಭಾರೀ ಜಟ್ಟಿ ಮೇಲೆ ಕೂತಿದ್ದಾನೆ ಎಂದು ತಿಳಿದು ತಾನಾಗಿಯೇ ತಗ್ಗುತ್ತದೆ. ಮೂವತ್ತೈದು ಕಿಲೋದ ಹುಡುಗ ಐನೂರು ಕಿಲೋದ ಪ್ರಾಣಿಯನ್ನು ಹಿಡಿದದ್ದು ಹೀಗೆ. ಈ ವಿದ್ಯೆ ಕಲಿತ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಕೇರಿಯ ನೂರು ಮನೆಗಳನ್ನು ಊರಿನ ನಾಲ್ಕು ಮನೆಯವರು ಹೇಗೆ ಹಿಡಿದಿಟ್ಟಿದ್ದಾರೆ ಎಂಬುದು ಸಣ್ಣವನಿದ್ದಾಗಿಂದ ನನಗೆ ಬಗೆಹರಿಯದ ಲೆಕ್ಕ ಆಗಿತ್ತು.

ಹೊಟ್ಟೆಯ ಮಾತು ಹೇಳಬೇಕು. ಲಾಯಕ್ಕೆ ಸೇರಿದ ಮೇಲೆ ಎರಡು ಹೊತ್ತು ಅನ್ನ ಸಿಕ್ಕಿತು. ಹುಟ್ಟಿದಂದಿನಿಂದ ಕಾಣದ ಅನ್ನ. ಕುದುರೆಗೆ ಹುರಳಿ ಕುದಿಸುತ್ತಿದ್ದರು, ಕಡಲಿ, ಗೋಧಿ ತೌಡು, ಓಟ್ಸು, ಲೂಸರ್ನ್ ಹುಲ್ಲು, ಗಜ್ಜರಿ, ಬೆಲ್ಲ. ಹುರಳಿ ಕುದಿಯುವ ವಾಸನೆಗೆ ನನಗೆ ಊರು ನೆನಪಾಗುತ್ತಿತ್ತು, ನಾವೂ ಅದನ್ನೇ ತಿಂದು ಬೆಳೆದವರು. ಸವಾರಿಗೆ ಏರಿದ ಮೇಲೆ ಜಮಾದಾರ ವಾರಕ್ಕೊಮ್ಮೆ ಅದೇ ಕಾಟಾದ ಮೇಲೆ ನಿಲ್ಲಿಸತೊಡಗಿದ. ಒಂದು ಸಲ ಮೂರು ಕಿಲೋ ಹೆಚ್ಚಾಗಿತ್ತು. "ರಾತ್ರಿ ಊಟ ಬಿಡು" ಅಂದ. ಅನ್ನ ಇಲ್ಲದಾಗ ಉಪವಾಸ, ಅನ್ನ ಎದುರಿಗಿದ್ದಾಗಲೂ ಉಪವಾಸ. ಗೋದಲಿಯಲ್ಲಿ ಕುದುರೆ ಒಂದು ಹಿಡಿ ದಾಣಿ ಬಿಟ್ಟರೆ ಡಾಕ್ಟರ್ ಓಡಿ ಬರುತ್ತಿದ್ದ, ನಾನು ತಾಟು ತುಂಬ ಬಿಟ್ಟರೆ ಜಮಾದಾರ ಶಹಬ್ಬಾಸ್ ಅನ್ನುತ್ತಿದ್ದ. ಹಬ್ಬಕ್ಕೆ ಊರಿಗೆ ಹೋದಾಗ ಅವ್ವ ನನ್ನ ಎದೆಗೂಡು ನೋಡಿ, "ಯಪ್ಪಾ, ಅಲ್ಲೂ ಬರಗಾಲ ಬಿದ್ದದೇನೋ?" ಅಂದಳು. ನಾನು ಏನು ಹೇಳಲಿ. ಬೀದಿ ಸುತ್ತಿ ಬೆವರಿಳಿಸಿ ತೂಕ ಕಳೆಯುವ ಮಂದಿಯೂ ಜಗತ್ತಿನಾಗ ಇದ್ದಾರೆ ಅಂದರೆ ಅವಳು ನನಗೆ ಹುಚ್ಚು ಹಿಡಿದದೆ ಅಂತ ತಿಳಿಯುತ್ತಿದ್ದಳು.

ಹೊತ್ತು ಏರುವುದರೊಳಗೆ ಐದಾರು ಕುದುರೆ ಏರಿ ಇಳಿಯಬೇಕು. ಇಳಿದ ಕುದುರೆಯನ್ನು ಸೈಸ ಬೆವರು ಆರುವ ತನಕ ನಡೆಸುತ್ತಾನೆ, ನೀರು ಗುಟುಕು ಗುಟುಕಾಗಿ ಕೊಡುತ್ತಾನೆ, ಮೈ ತೊಳೆಯುತ್ತಾನೆ. ಮಧ್ಯಾಹ್ನ ಕುದುರೆ ನಿಂತೇ ನಿದ್ದೆ ಮಾಡುತ್ತದೆ. ನಾವು ಅದರ ಬಾಗಿಲ ಮುಂದೆ ಗೋಣಿ ಹಾಸಿ ಮಲಗುತ್ತಿದ್ದೆವು. ಮೂರಕ್ಕೆ ಮತ್ತೆ ಖರಾರಾ, ನಡಿಗೆ, ದಾಣಿ. ಹೇಳಲಿಕ್ಕೆ ಇಷ್ಟೇ, ಆದರೆ ಇದು ದೀಪಾವಳಿಗೂ ನಿಲ್ಲುವುದಿಲ್ಲ, ಮನೆಯಲ್ಲಿ ಸತ್ತರೂ ನಿಲ್ಲುವುದಿಲ್ಲ. 2020ರ ಮಾರ್ಚಿನಲ್ಲಿ ದೇಶ ಮುಚ್ಚಿ ರೇಸು ನಿಂತಾಗಲೂ ಲಾಯದ ಕೆಲಸ ನಿಂತಿರಲಿಲ್ಲ. ಕುದುರೆಗೆ ಲಾಕ್‌ಡೌನ್ ತಿಳಿಯುವುದಿಲ್ಲ, ಒಳಗೇ ಕಟ್ಟಿಹಾಕಿದರೆ ಅದರ ಕಾಲೂ ಹೊಟ್ಟೆಯೂ ಕೆಡುತ್ತವೆ.

ಇನ್ನು ಪುಸ್ತಕದ ಮಾತು. ಜಗತ್ತಿನ ಯಾವ ರೇಸ್ ಕುದುರೆ ತಗೊಂಡರೂ, ಅದರ ತಂದೆಯ ತಂದೆಯ ತಂದೆ ಅಂತ ಹಿಂದಕ್ಕೆ ಹೋದರೆ ಮೂರು ಗಂಡು ಕುದುರೆಗಳಲ್ಲಿ ಒಂದಕ್ಕೆ ಮುಟ್ಟುತ್ತದೆ. ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಮುನ್ನೂರು ವರ್ಷದ ಹಿಂದೆ ಪೂರ್ವದ ಕಡೆಯಿಂದ ಇಂಗ್ಲೆಂಡಿಗೆ ಹೋದವು. 1791ರಿಂದ ಅಲ್ಲಿ ಇವುಗಳ ವಂಶಾವಳಿ ಅಚ್ಚಾಗುತ್ತಾ ಬಂದಿದೆ, ನಮ್ಮ ದೇಶದ ರೇಸ್ ಕುದುರೆಗಳದ್ದೂ ಬೇರೆ ಪುಸ್ತಕ ಇದೆ. ಆ ಪುಸ್ತಕದಲ್ಲಿ ತಂದೆ ತಾಯಿ ಇಬ್ಬರ ಹೆಸರೂ ಇಲ್ಲದ ಕುದುರೆ ಎಷ್ಟೇ ಓಡಲಿ, ಅದಕ್ಕೆ ಆ ಬಯಲಿಗೆ ಪ್ರವೇಶ ಇಲ್ಲ. ಮನು ಬರೆದದ್ದನ್ನು ಮನುಷ್ಯರ ಮೇಲೆ ಮಾತ್ರ ನಡೆಸಿದ್ದಾರೆ ಅಂತ ತಿಳಿಯಬೇಡಿ. ಅಳತೆ ಸುಲಭ ಆಗಲಿ ಎಂದು ಎಲ್ಲಾ ಕುದುರೆಗಳಿಗೂ ಜನವರಿ 1ಕ್ಕೆ ಒಂದು ವರ್ಷ ವಯಸ್ಸು ಏರಿಸುತ್ತಾರೆ. ಇದನ್ನು ಕೇಳಿ ನಾನು ನಕ್ಕುಬಿಟ್ಟೆ. ನಮ್ಮ ಕೇರಿಯ ಹುಡುಗರೆಲ್ಲ ಹುಟ್ಟಿದ್ದು ಜೂನ್ 1ಕ್ಕೆ, ಸಾಲಿ ಮಾಸ್ತರ ಬರೆದುಕೊಂಡದ್ದೇ ಹಾಗೆ. ಫರಕು ಇಷ್ಟೇ, ಕುದುರೆ ಖರೇ ಹುಟ್ಟಿದ ದಿನವೂ ಅದರ ಕಾಗದದಲ್ಲಿ ಇರುತ್ತದೆ. ನನ್ನದು ಎಲ್ಲಿಯೂ ಇಲ್ಲ. ಅವ್ವನಿಗೆ ನೆನಪಿದ್ದದ್ದು ತೊಗರಿ ಕಟಾವಿನ ದಿನ ಎಂಬುದಷ್ಟೇ.

ಮುಂಜಾನೆಯ ತಾಲೀಮನ್ನು ಪತ್ರಿಕೆಯವರು ಬಂದು ಬರೆದುಕೊಳ್ಳುತ್ತಾರೆ. ಜೂಜಾಡುವವರಿಗೆ ಅದು ಬೇಕು. ಯಾವ ಕುದುರೆ ಎಷ್ಟು ಮೀಟರ್ ಎಷ್ಟು ಸೆಕೆಂಡಿನಲ್ಲಿ ಓಡಿತು, ಸಲೀಸಾಗಿ ಓಡಿತೋ ಒದ್ದಾಡಿತೋ ಎಂದು ಮರುದಿನ ಇಂಗ್ಲಿಷ್ ಪೇಪರಿನ ಆಟದ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಒಂದು ದಿನ ನಾನು ಓಡಿಸಿದ ಕುಮೈತ್ ಭಾರೀ ಚಂದ ಓಡಿತ್ತು. ಮರುದಿನ ಚಹದಂಗಡಿಯಲ್ಲಿ ಓದುಬರಹ ಬಲ್ಲ ಹುಡುಗನೊಬ್ಬನಿಂದ ಓದಿಸಿದೆ. ಕುದುರೆ ಹೆಸರು ಬಂದಿತ್ತು. ಅದರ ಮುಂದೆ ಕಂಸ. ಜಾಕಿ ಏರಿದ್ದರೆ ಆ ಕಂಸದೊಳಗೆ ಜಾಕಿಯ ಹೆಸರು ಇರುತ್ತದೆ. ನನ್ನದರಲ್ಲಿ ಎರಡು ಅಕ್ಷರ, ಆರ್ ಬಿ. ಅದರ ಕೆಳಗಿನ ಕುದುರೆಗೂ ಆರ್ ಬಿ, ಅದರ ಕೆಳಗಿನದಕ್ಕೂ ಆರ್ ಬಿ. "ಯಾರಲೇ ಇವ, ಎಲ್ಲಾ ಕುದುರಿ ಮ್ಯಾಲೂ ಇವನೇ ಕುಂತಾನಲ್ಲ" ಅಂದೆ. ಆ ಹುಡುಗ ಬಿದ್ದು ಬಿದ್ದು ನಕ್ಕ. "ರೈಡಿಂಗ್ ಬಾಯ್. ನೀನೇ ಅದು." ನಲವತ್ತು ವರ್ಷದವನಿಗೂ ಅಲ್ಲಿ ಬಾಯ್ ಅಂತಲೇ ಅನ್ನುತ್ತಾರೆ. ಊರಲ್ಲೂ ನನ್ನಪ್ಪನನ್ನು ಗೌಡರ ಮನೆಯ ಸಣ್ಣ ಕೂಸು ಏಕವಚನದಲ್ಲಿ ಕರೆಯುತ್ತಿತ್ತು. ಇವತ್ತಿಗೂ ಪೇಪರು ತೆಗೆದು ನೋಡಿರಿ, ಆ ಎರಡಕ್ಷರ ಹಾಗೇ ಇವೆ.

ಓಟದ ದಿನ ನಮ್ಮ ಕುದುರೆ ಮೇಲೆ ರೇಶಿಮೆ ಅಂಗಿ ತೊಟ್ಟ ಜಾಕಿ ಏರುತ್ತಾನೆ. ಗೆದ್ದ ಹಣದಲ್ಲಿ ಟ್ರೇನರಿಗೆ ಪಾಲು, ಜಾಕಿಗೆ ಪಾಲು. ನಾನಿದ್ದ ಲಾಯದಲ್ಲಿ ನಮಗೆ ಬಕ್ಷೀಸು, ಅದೂ ಧಣಿಯ ಮನಸ್ಸು ಬಂದರೆ. ಜಾಕಿಗಳ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಹಸಿದವರೇ, ಬಿದ್ದು ಸಾಯುವವರೇ. ಹೈದರಾಬಾದಿನ ದೊಡ್ಡ ಓಟ ಡೆಕ್ಕನ್ ಡರ್ಬಿ ಬಹುಕಾಲದಿಂದ ನಡೆದುಬಂದಿರುವುದು ಅಕ್ಟೋಬರ್ 2ರಂದು. ಗಾಂಧಿ ಹುಟ್ಟಿದ ದಿನ ಸೆರೆಯಂಗಡಿ ಮುಚ್ಚಿರುತ್ತದೆ, ಜೂಜಿನ ಕಿಟಕಿ ತೆರೆದಿರುತ್ತದೆ. 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ಓಟ ಬರೀ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು ತೀರ್ಪು ಕೊಟ್ಟಿತು. ಕುದುರೆಯ ಹುಟ್ಟು ತಾಕತ್ತು, ಅದಕ್ಕೆ ಕೊಟ್ಟ ತಾಲೀಮು, ಜಾಕಿಯ ಜಾಣತನ ಇವೆಲ್ಲ ಸೇರಿ ಗೆಲವು ಎಂಬ ಅರ್ಥದ ಮಾತು ಅದರಲ್ಲಿದೆ. ತಾಲೀಮು ಎಂಬ ಆ ಒಂದು ಶಬ್ದದ ಒಳಗೆ ನಾವೆಲ್ಲ ಇದ್ದೇವೆ ಎಂದು ನಾನು ತಿಳಿದುಕೊಂಡಿದ್ದೇನೆ.

1984ರಾಗ ನನ್ನ ಚಿಗವ್ವನ ಮಗನ ಲಗ್ನ. ಊರ ಹೆಸರು ಬ್ಯಾಡ, ಈಗ ಅಲ್ಲಿಯ ಹುಡುಗರು ಚಲೋ ಇದ್ದಾರೆ. ಮದುಮಗನನ್ನು ಕುದುರೆ ಮೇಲೆ ಹನುಮಪ್ಪನ ಗುಡಿಗೆ ಒಯ್ಯು ಅಂತ ಚಿಗವ್ವನ ಆಸೆ. ಜಟಕಾ ಎಳೆಯುವ ಒಂದು ಮುದಿ ಹೆಣ್ಣು ಕುದುರೆ ಬಾಡಿಗೆಗೆ ತಂದಿದ್ದರು. ಪಾಪ, ಅದರ ಬೆನ್ನೆಲುಬು ಎಣಿಸಬಹುದಿತ್ತು. ಅಗಸಿ ಹತ್ತಿರ ಊರ ಮಂದಿ ಅಡ್ಡ ನಿಂತರು. ಮದುಮಗ ಇಳಿದು ನಡೆಯಬೇಕು, ಇಲ್ಲಾ ಹಿಂದಿನ ಹಾದಿ ಹಿಡಿಯಬೇಕು. ಜಗಳ ಆಯಿತು, ಒಬ್ಬಿಬ್ಬರ ತಲೆ ಒಡೆಯಿತು, ಹಿರಿಯರು ನಡುವೆ ಬಂದು ಮದುಮಗನನ್ನು ಇಳಿಸಿದರು. ಲಗಾಮು ನನ್ನ ಕೈಯಲ್ಲಿತ್ತು. ಅದರ ಹಿಂದಿನ ವಾರ ನಾನು ಲಕ್ಷಗಟ್ಟಲೆ ಬೆಲೆಯ ಆರು ಕುದುರೆ ಏರಿದವ. ರಾತ್ರಿ ಚಿಗವ್ವ ನನ್ನ ಮಗ್ಗಲಿಗೆ ಬಂದು ಕೂತಳು. "ನೀ ದಿನಾ ಏರತಿ ಅಂತಲ್ಲೋ ತಮ್ಮಾ, ಅಲ್ಲಿ ಯಾರೂ ಕೇಳಂಗಿಲ್ಲೇನು?" "ಅಲ್ಲಿ ಏರು ಅಂದ್ರ ಏರಬೇಕು, ಇಳಿ ಅಂದ್ರ ಇಳಿಬೇಕು ಚಿಗವ್ವ" ಅಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾದ್ರ ಅದು ನಿನ್ನ ಕುದುರಿ ಅಲ್ಲ" ಅಂದಳು.

1991ರ ಚಳಿಗಾಲ. ಮೂರು ವರ್ಷದಿಂದ ನಾನೇ ಏರುತ್ತಿದ್ದ ಒಂದು ಸುರಂಗ್ ಹೆಣ್ಣು ಕುದುರೆ. ನನ್ನ ಕೆಮ್ಮು ಕೇಳಿದರೆ ಲಾಯದ ಬಾಗಿಲ ಮೇಲೆ ತಲೆ ಹಾಕುತ್ತಿತ್ತು. ಆವತ್ತು ದೌಡಿನ ಕೊನೆಯಲ್ಲಿ ಅದರ ಮುಂದಿನ ಬಲಗಾಲಿನಲ್ಲಿ ಒಣ ಜಾಲಿ ಟೊಂಗೆ ಮುರಿದ ಸಪ್ಪಳ ಬಂತು. ನಾನು ಮುಂದಕ್ಕೆ ಹಾರಿ ಬಿದ್ದೆ, ಅದು ನನ್ನ ಮೇಲೆ ಉರುಳಿತು. ಕಣ್ಣು ಬಿಟ್ಟಾಗ ಅದು ಮೂರು ಕಾಲ ಮೇಲೆ ಎದ್ದು ನಿಂತಿತ್ತು, ನಾಲ್ಕನೆಯದು ಜೋತಾಡುತ್ತಿತ್ತು. ಕುದುರೆ ಮಲಗಿ ವಾಸಿ ಮಾಡಿಕೊಳ್ಳುವ ಪ್ರಾಣಿಯಲ್ಲ. ಆ ಎಲುಬು ಹಾಗೆ ಮುರಿದರೆ ಉಳಿಸುವುದಿಲ್ಲ. ಡಾಕ್ಟರ್ ಬಂದ, ಯಾರೋ ತಾಡಪತ್ರಿ ಅಡ್ಡ ಹಿಡಿದರು. ಚಾಚಾ ಆಗ ಇರಲಿಲ್ಲ, ತೀರಿಹೋಗಿದ್ದ. ಅದರ ಸೈಸ ತಲೆ ಹಿಡಿದು ಅಳುತ್ತಿದ್ದ. ನನ್ನ ಟೊಂಕದ ಎಲುಬೂ ಭುಜದ ಎಲುಬೂ ಮುರಿದಿದ್ದವು, ನನ್ನನ್ನು ಮರದ ನೆರಳಿಗೆ ಮಲಗಿಸಿ ಗಾಡಿಗೆ ಕಾಯುತ್ತಿದ್ದರು. ಗಾಡಿಗಿಂತ ಮೊದಲು ಹೆಣ ಎಳೆಯುವವರು ಬಂದರು. ನಾಲ್ಕು ಜನ, ಹಗ್ಗ, ಹಲಗೆ. ಹಗ್ಗ ಹಾಕುವ ರೀತಿ ನೋಡಿಯೇ ನನಗೆ ಗೊತ್ತಾಯಿತು. ಹಿಂಗಾಲಿಗೆ ಎರಡು ಸುತ್ತು, ಒಂದು ಜಾರುಗಂಟು. ನಮ್ಮಪ್ಪ ಹಾಕುತ್ತಿದ್ದ ಗಂಟು. ಅದರಲ್ಲಿ ಮುದುಕನೊಬ್ಬ ನನ್ನ ಹತ್ತಿರ ಬಂದು ಬಗ್ಗಿ ನೋಡಿ, ತೆಲುಗಿನಲ್ಲಿ ಯಾವೂರು ಎಂದು ಕೇಳಿದ. ಕುಂಚಾವರಂ ಅಂದೆ. ಅವ ತನ್ನ ಟಾವೆಲಿನಿಂದ ನನ್ನ ಬಾಯಿಯ ಮರಳು ಒರೆಸಿದ.

ಕುದುರೆಗೆ ವಿಮೆ ಇತ್ತು. ನನಗೆ ಆಸ್ಪತ್ರೆಯ ಮೊದಲ ಪಟ್ಟಿಯ ಖರ್ಚು ಕೊಟ್ಟು, ಆರಾಮ ಆದ ಮೇಲೆ ಬಾ ಅಂದರು. ಆರಾಮ ಆಗಲಿಕ್ಕೆ ವರ್ಷ ಹಿಡಿಯಿತು, ಅಷ್ಟರಲ್ಲಿ ಕಾಟಾದ ಮೇಲೆ ನಿಲ್ಲುವ ಸಣ್ಣ ಎಲುಬಿನ ಹುಡುಗರು ಬೇರೆ ಬಂದಿದ್ದರು. ಊರಿಗೆ ಬಂದು ಕುರಿ ಸಾಕಿದೆ, ಕೂಲಿ ಮಾಡಿದೆ. ಎಡಗಾಲು ಎರಡು ಬೆರಳು ಗಿಡ್ಡ. ನಾನು ನಡೆದರೆ ತಾಳ ತಪ್ಪುತ್ತದೆ, ಅದನ್ನು ಎಲ್ಲರಿಗಿಂತ ಮೊದಲು ಕೇಳುವವನೂ ನಾನೇ.

ನಮ್ಮ ಕಡೆಯ ಹುಡುಗನೊಬ್ಬ ಈಗಲೂ ಒಂದು ಲಾಯದಲ್ಲಿ ಸವಾರಿ ಹುಡುಗ. ಸಂಬಂಧದಲ್ಲಿ ಅಳಿಯ ಆಗಬೇಕು. ಮುಂಜಾನೆ ಕೆಲಸ ಮುಗಿದ ಮೇಲೆ ಫೋನಿನಲ್ಲಿ ವಿಡಿಯೋ ಕಳಿಸುತ್ತಾನೆ. ಕಣ್ಣು ಮಂಜಾಗಿವೆ, ನಾನು ನೋಡುವುದಕ್ಕಿಂತ ಕಿವಿಗೆ ಹಿಡಿದು ಕೇಳುವುದೇ ಹೆಚ್ಚು. ಹೋದ ತಿಂಗಳು ಕಳಿಸಿದ್ದರಲ್ಲಿ ಒಂದು ಮುಷ್ಕಿ ಕುದುರೆಯ ದುಲ್ಕಿ ಸರಿ ಇರಲಿಲ್ಲ. ಎರಡನೆಯ ಪೆಟ್ಟು ಮೆತ್ತಗೆ ಬೀಳುತ್ತಿತ್ತು. ಫೋನು ಹಚ್ಚಿದೆ.

"ನಾಳಿ ಆ ಕರೇದು ಏರಬ್ಯಾಡ."

"ಏರಂಗಿಲ್ಲ ಅನ್ಲಿಕ್ಕ ನಾ ಯಾರು ಮಾಮಾ? ನಾಳಿ ದೌಡು ಹಾಕ್ಯಾರ ಅದಕ್ಕ."

"ಈಗ ಹೋಗಿ ಮುಂದಿನ ಎಡಗಾಲಿನ ಹಿಂದಿನ ನರದ ಮ್ಯಾಲ ಕೈ ಇಳಸು. ಗಡಬಡಿ ಬ್ಯಾಡ, ಅಂಗೈ ಇಟ್ಟು ಹತ್ತು ಎಣಿಸು."

ಫೋನು ಇಟ್ಟ. ಅರ್ಧ ತಾಸಿನ ಮೇಲೆ ಅವನೇ ಮಾಡಿದ.

"ಬಿಸಿ ಅದ ಮಾಮಾ. ಜಮಾದಾರಗ ಕರಕೊಂಡು ಬಂದು ತೋರಿಸೀನಿ. ನಾಳಿ ಬಿಟ್ಟಾರ."